ಚಿತ್ರಫಲಕ ನಾಲ್ಕು, ಅರ್ಧ ಗಾತ್ರ

ಅಚ್ಚಾದ ಚಿತ್ರವೊಂದರ ಕೆಳಗೆ 'ಅರ್ಧ ಗಾತ್ರ' ಎಂದು ಬರೆದಿದ್ದರೆ ನೀವು ಎಂದಾದರೂ ಅದರ ಮೇಲೆ ಅಳತೆಪಟ್ಟಿ ಇಟ್ಟು ನೋಡಿದ್ದೀರಾ? ಇಲ್ಲ. ಅಚ್ಚಾಗಿದೆ ಎಂಬ ಒಂದೇ ಕಾರಣಕ್ಕೆ ನಂಬಿದಿರಿ, ಪುಟ ತಿರುಗಿಸಿದಿರಿ. ನೀವು ಹಾಗೆ ತಿರುಗಿಸಿದ ಪುಟಗಳಲ್ಲೊಂದರಲ್ಲಿ ಹನ್ನೊಂದು ಮಡಕೆಗಳಿವೆ. ಅವುಗಳನ್ನು ಬರೆದ ಹೆಂಗಸು ನಿಮ್ಮ ಆ ನಂಬಿಕೆಯ ಎದುರು ಒಂದು ವರ್ಷ ಎರಡು ತಿಂಗಳು ಹೋರಾಡಿ ಸೋತಳು. ಅವಳ ಕಥೆಯನ್ನಾದರೂ ಪುಟ ಹಾರಿಸದೆ ಓದಿ.

ವಸ್ತುಸಂಗ್ರಹಾಲಯದ ಹಿಂಬದಿಯ ಉದ್ದ ಕೋಣೆಯಲ್ಲಿ ಅವಳು ಮೂವತ್ತೊಂದು ವರ್ಷ ಮಡಕೆಚೂರುಗಳ ಚಿತ್ರ ಬರೆದಳು. ಕೋಣೆಯವರೆಲ್ಲ ಅವಳನ್ನು ಗೆರೆಯಕ್ಕ ಎಂದು ಕರೆದರು. ಅವಳು ಎಳೆದ ಗೆರೆಯನ್ನು ತಿದ್ದಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ. ಮಣ್ಣಿನಿಂದೆದ್ದ ಅಂಗೈಯಗಲದ ಚೂರಿನಿಂದ ಇಡೀ ಮಡಕೆಯನ್ನು ಕಾಗದದ ಮೇಲೆ ಎಬ್ಬಿಸುವುದು ಅವಳ ಕೆಲಸ. ಒಂದರೊಳಗೊಂದು ವೃತ್ತಗಳನ್ನು ಎಳೆದ ಹಾಳೆಯ ಮೇಲೆ ಬಾಯಂಚಿನ ಚೂರನ್ನು ಬೋರಲು ನಿಲ್ಲಿಸಬೇಕು. ಯಾವ ವೃತ್ತದ ಬಾಗಿನ ಮೇಲೆ ಅದು ಅಡಿಯಲ್ಲಿ ಬೆಳಕು ನುಸುಳಲು ಬಿಡದೆ ಕೂರುತ್ತದೆಯೋ ಆ ವೃತ್ತದ ಅಗಲವೇ ಮಡಕೆಯ ಬಾಯಿಯ ಅಗಲ. ಆಮೇಲೆ ಕಾಗದದ ಎಡಭಾಗದಲ್ಲಿ ಗೋಡೆಯ ದಪ್ಪವನ್ನು ಸೀಳಿ ತೋರಿಸಬೇಕು, ಬಲಭಾಗದಲ್ಲಿ ಹೊರಮೈ ಬರೆಯಬೇಕು. ಇಷ್ಟನ್ನೂ ಮಾಡಿದವರ ಹೆಸರು ಲೇಖನದಲ್ಲಿ ಬರುವುದಿಲ್ಲ. ಅದು ರೂಢಿ.

ಇಪ್ಪತ್ತು ವರ್ಷಗಳ ಹಿಂದೆ ಹಳೆಯ ಮಾರುಕಟ್ಟೆಯ ಹಿಂದೆ ನಡೆದ ಉತ್ಖನನದಲ್ಲಿ ಒಂದೇ ನೆಲದ ಮೇಲೆ, ಸಾಲಾಗಿ, ಹನ್ನೊಂದು ಅಡುಗೆ ಮಡಕೆಗಳು ಒಡೆದುಬಿದ್ದದ್ದು ಸಿಕ್ಕಿತು. ಅಡಿಯೆಲ್ಲ ಮಸಿ. ನಲವತ್ತು ಐವತ್ತು ಜನರಿಗೆ ಒಟ್ಟಿಗೆ ಬೇಯಿಸುತ್ತಿದ್ದ ದೊಡ್ಡ ಅಡುಗೆಮನೆ ಅದೆಂದು ಗೆರೆಯಕ್ಕನಿಗೆ ಮೊದಲ ದಿನವೇ ಗೊತ್ತಾಗಿತ್ತು. ಮಡಕೆಗಳ ಕಂಠದ ಸುತ್ತ ಬೆರಳ ತುದಿಯಿಂದ ಒತ್ತಿದ ಗುಳಿಗಳ ಸಾಲಿತ್ತು. ಹಸಿಮಣ್ಣಿನ ಕಂಠವನ್ನು ಮೈಗೆ ಕೂಡಿಸುವಾಗ ಯಾರೋ ಒತ್ತುತ್ತ ಹೋದ ಗುರುತು. ಮೂರನೆಯ ಮಡಕೆಯ ಚೂರನ್ನು ಬರೆಯುವಾಗ ಅವಳು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ತನ್ನ ತೋರುಬೆರಳನ್ನು ಒಂದು ಗುಳಿಯಲ್ಲಿ ಇಟ್ಟು ನೋಡಿದ್ದಳು. ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಪಕ್ಕದ ಗುಳಿಯಲ್ಲಿ ಉಗುರಿನ ಅಂಚೂ ಇತ್ತು. ತನ್ನಂಥವಳೇ, ತನ್ನಂತೆಯೇ ಕತ್ತು ಬಗ್ಗಿಸಿ ದಿನವಿಡೀ ಕೂತವಳು ಎಂದು ಅವಳಿಗೆ ಅನ್ನಿಸಿತು. ಟಿಪ್ಪಣಿ ಪುಸ್ತಕದಲ್ಲಿ ಮಾತ್ರ 'ಬಾಯಿ ಇಪ್ಪತ್ತನಾಲ್ಕು ಸೆಂಟಿಮೀಟರ್, ಗುಳಿ ಹದಿನೈದು ಮಿಲಿಮೀಟರ್' ಎಂದಷ್ಟೇ ಬರೆದಳು. ಅನ್ನಿಸಿದ್ದನ್ನು ಬರೆಯಲು ಆ ಪುಸ್ತಕದಲ್ಲಿ ಅಂಕಣವಿರಲಿಲ್ಲ.

ಹನ್ನೊಂದನ್ನೂ ಅರ್ಧ ಗಾತ್ರಕ್ಕೆ ಬರೆದಾಗ ಹಾಳೆ ಮೇಜಿನಷ್ಟಾಯಿತು. ಅಂಥ ಹಾಳೆಗಳನ್ನು ಮಡಚಿ ಸಂಚಿಕೆಯೊಳಗೆ ಅಂಟಿಸುವ ರೂಢಿ ಆಗ ಪುರಾತತ್ತ್ವ ಪತ್ರಿಕೆಯಲ್ಲಿತ್ತು. ಹಾಗೆ ಮಾಡಿರೆಂದು ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಎರಡು ಪದ ಬರೆದು ಕಳಿಸಿಕೊಟ್ಟಳು. ಲೇಖನ ಬರೆದವರು ಉತ್ಖನನದ ಅಧಿಕಾರಿ, ಕೋಣೆಯವರ ಬಾಯಲ್ಲಿ ದೊಡ್ಡ ಸರ್. ಅವರು ಒಂದು ಮಡಕೆಯ ಅಳತೆಯನ್ನೂ ಬರಹದಲ್ಲಿ ಕೊಡಲಿಲ್ಲ. 'ಅಳತೆಗಳಿಗೆ ಚಿತ್ರಫಲಕ ನಾಲ್ಕನ್ನು ನೋಡಿ, ಅರ್ಧ ಗಾತ್ರ' ಎಂದು ಒಂದೇ ಸಾಲಿನಲ್ಲಿ ಮುಗಿಸಿದರು. ಚಿತ್ರ ಬರೆದಾದ ಚೂರುಗಳನ್ನು ಗುಂಡಿ ಮುಚ್ಚುವಾಗ ಮತ್ತೆ ಒಳಗೇ ಹಾಕಿದರು. ಅದೂ ರೂಢಿಯೇ. ಈಗ ಆ ಗುಂಡಿಯ ಮೇಲೆ ಬಸ್ ನಿಲ್ದಾಣವಿದೆ. ಮೂಲ ಹಾಳೆ ಪತ್ರಿಕೆಯಿಂದ ಹಿಂತಿರುಗಲಿಲ್ಲ. ಸಂಚಿಕೆಯ ಪ್ರತಿ ಲೇಖಕರಿಗೆ ಬಂತು, ಚಿತ್ರಕಾರಳಿಗೆ ಬರಲಿಲ್ಲ. ಕೇಳುವುದು ಮರ್ಯಾದೆಯಲ್ಲವೆಂದು ಅವಳು ಕೇಳಲೂ ಇಲ್ಲ.

ತನ್ನ ಆ ಹಾಳೆ ಅಚ್ಚಾದದ್ದನ್ನು ಅವಳು ಮೊದಲು ಕಂಡದ್ದು ನಿವೃತ್ತಿಯಾದ ಮೂರನೆಯ ವರ್ಷ, ಒಂದು ಉಪನ್ಯಾಸದಲ್ಲಿ, ಪರದೆಯ ಮೇಲೆ. ಹೆಸರುವಾಸಿ ಪ್ರಾಧ್ಯಾಪಕರೊಬ್ಬರು ಮಾತಾಡುತ್ತಿದ್ದರು. ಒಳ್ಳೆಯ ಕಂಠ, ತಡೆಯಿಲ್ಲದ ಮಾತು. ಪರದೆಯ ಮೇಲೆ ಮೂರನೆಯ ಮಡಕೆ ಆಳೆತ್ತರಕ್ಕೆ ನಿಂತಿತ್ತು.

"ಇದರ ಬಾಯಿ ಎಂಟೇ ಸೆಂಟಿಮೀಟರ್," ಎಂದರು ಪ್ರಾಧ್ಯಾಪಕರು.

ಏಳನೆಯ ಸಾಲಿನಲ್ಲಿದ್ದ ಗೆರೆಯಕ್ಕನಿಗೆ ನಗು ಬಂತು. ಬಾಯಿ ತಪ್ಪಿ ಅಂದಿರಬೇಕು ಎಂದುಕೊಂಡಳು.

"ಈಗ ಈ ಬೆರಳ ಗುರುತು ನೋಡಿ. ಐದು ಮಿಲಿಮೀಟರ್. ಐದು ಮಿಲಿಮೀಟರಿನ ಬೆರಳು ಯಾರಿಗಿರುತ್ತೆ? ಆಗಷ್ಟೇ ಹುಟ್ಟಿದ ಮಗುವಿಗೆ." ಪ್ರಾಧ್ಯಾಪಕರು ಪರದೆಯತ್ತ ತಿರುಗಿದರು. "ಹುಟ್ಟಿ ಉಳಿಯದ ಹಸುಳೆಗಳ ಬೆರಳನ್ನ ಹಸಿಮಣ್ಣಿಗೆ ಒತ್ತಿ, ಆ ಪುಟ್ಟ ಮಡಕೆಗಳನ್ನ ತಾಯಂದಿರು ಇಟ್ಟುಕೊಳ್ತಿದ್ದರು. ಇದು ಹಸುಳೆಯ ಕೊನೆಯ ಸಹಿ."

ಸಭಾಂಗಣದಲ್ಲಿ ಮೂಗು ಎಳೆದುಕೊಳ್ಳುವ ಸದ್ದು ಕೇಳಿಸಿತು. ಕೊನೆಗೆ ವಸ್ತುಸಂಗ್ರಹಾಲಯದ ಈಗಿನ ಮುಖ್ಯಸ್ಥರು ಎದ್ದು, ಮುಂದಿನ ವರ್ಷ ತೆರೆಯುವ ಹೊಸ ಗ್ಯಾಲರಿಯ ನಟ್ಟನಡುವೆ ಈ ಹನ್ನೊಂದು ಪುಟ್ಟ ಮಡಕೆಗಳ ಪ್ರತಿಕೃತಿಗಳನ್ನು ಇಡಲಾಗುವುದು ಎಂದು ಪ್ರಕಟಿಸಿದರು. ಚಪ್ಪಾಳೆ ಬಿತ್ತು. ಗೆರೆಯಕ್ಕ ತನ್ನ ತೋರುಬೆರಳನ್ನೇ ನೋಡಿಕೊಂಡು ಕೂತಿದ್ದಳು.

ಮರುದಿನ ಬೆಳಿಗ್ಗೆ ಗ್ರಂಥಾಲಯ ತೆರೆಯುವ ಮುಂಚೆಯೇ ಬಾಗಿಲಲ್ಲಿದ್ದಳು. ಸಂಚಿಕೆ ತೆಗೆಸಿ ಚಿತ್ರಫಲಕ ನಾಲ್ಕರ ಮೇಲೆ ಅಳತೆಪಟ್ಟಿ ಇಟ್ಟಳು. ಹನ್ನೆರಡು ಸೆಂಟಿಮೀಟರ್ ಇರಬೇಕಾದ ಮೂರನೆಯ ಮಡಕೆಯ ಬಾಯಿ ನಾಲ್ಕೇ ಸೆಂಟಿಮೀಟರ್ ಇತ್ತು. ಮೇಜಿನಷ್ಟಿದ್ದ ಹಾಳೆಯನ್ನು ಮೂರನೇ ಒಂದಕ್ಕೆ ಕುಗ್ಗಿಸಿ ಒಂದೇ ಪುಟದಲ್ಲಿ ತುರುಕಿದ್ದರು. ಕೆಳಗಿನ ಸಾಲನ್ನು ಮಾತ್ರ ಹಾಗೆಯೇ ಬಿಟ್ಟಿದ್ದರು: ಅರ್ಧ ಗಾತ್ರ.

ಅಲ್ಲಿಂದ ನೇರವಾಗಿ ಮುಖ್ಯಸ್ಥರ ಕೋಣೆಗೆ ಹೋದಳು. ಅವರು ಕೂರಲು ಹೇಳಿದರು, ಕೇಳಿದರು, ತಲೆದೂಗಿದರು. "ನೀವು ಹೇಳ್ತಿರೋದು ನಿಜಾನೇ ಇರಬಹುದು. ಆದ್ರೆ ಅವರದ್ದು ಪತ್ರಿಕೆಯಲ್ಲಿ ಬಂದಿದೆ. ನಿಮ್ಮದೂ ಪತ್ರಿಕೆಯಲ್ಲಿ ಬರಲಿ, ಬದಲಾಯಿಸೋಣ. ಗ್ಯಾಲರಿ ತೆರೆಯೋಕೆ ಇನ್ನೂ ಒಂದು ವರ್ಷ ಇದೆ."

ಹೀಗೆ, ಜೀವಮಾನದಲ್ಲಿ ಒಂದು ಪುಟವೂ ಲೇಖನ ಬರೆಯದವಳು ಲೇಖಕಿಯಾಗಬೇಕಾಯಿತು.

ಪತ್ರಿಕೆಯ 'ಲೇಖಕರಿಗೆ ಸೂಚನೆಗಳು' ಇಪ್ಪತ್ತೇಳು ಪುಟಗಳಿದ್ದವು. ಸಾರಾಂಶ ನೂರೈವತ್ತು ಪದ, ಸೂಚಕ ಪದಗಳು ಐದು, ಅಡಿಟಿಪ್ಪಣಿಯಲ್ಲಿ ಎಲ್ಲಿ ಅಲ್ಪವಿರಾಮ, ಎಲ್ಲಿ ಪೂರ್ಣವಿರಾಮ. ಗೆರೆಯಕ್ಕ ಇದನ್ನೆಲ್ಲ ಭಕ್ತಿಯಿಂದ ಓದಿದಳು. ನಿಯಮವಿದ್ದರೆ ಅದಕ್ಕೊಂದು ಕಾರಣವಿರುತ್ತದೆಂದು ನಂಬಿ ಬೆಳೆದ ಜೀವ. ಆರು ವಾರ ಕೂತು ಎಂಟು ಪುಟ ಬರೆದಳು. ಬೆರಳಚ್ಚು ಮಾಡಿದ್ದು ಅವಳ ತಂಗಿ. ಮೂವತ್ತು ವರ್ಷ ನ್ಯಾಯಾಲಯದಲ್ಲಿ ಬೆರಳಚ್ಚುಗಾರ್ತಿಯಾಗಿದ್ದವಳು. ಸುಳ್ಳುಗಳನ್ನು ಒಂದು ಅಕ್ಷರವೂ ತಪ್ಪದಂತೆ ಟೈಪು ಮಾಡಿದ ಕೈ ಇದು ಎಂದು ತನ್ನನ್ನು ತಾನೇ ಹಾಸ್ಯ ಮಾಡಿಕೊಳ್ಳುವ ಸ್ವಭಾವ. ಇಬ್ಬರೂ ಒಂದೇ ಮನೆಯಲ್ಲಿದ್ದರು. ಊಟದ ಮೇಜೇ ಬರೆಯುವ ಮೇಜು.

ಕೊನೆಗೆ ಪತ್ರಿಕೆಯ ಜಾಲತಾಣ ತೆರೆದಾಗ ತಂಗಿ ತಿರುಗಿ ನೋಡಿದಳು. "ಅಕ್ಕಾ, ನಿನ್ನ ಸಂಸ್ಥೆ ಯಾವುದು ಅಂತ ಕೇಳ್ತಿದೆ."

"ನಿವೃತ್ತಿ ಅಂತ ಹಾಕು."

"ಅದು ಈ ಪಟ್ಟಿಯಲ್ಲಿ ಇಲ್ಲ. ವಿಶ್ವವಿದ್ಯಾಲಯ, ಸಂಶೋಧನಾ ಕೇಂದ್ರ, ವಸ್ತುಸಂಗ್ರಹಾಲಯ, ಇತರೆ. ಅಷ್ಟೇ."

"ಹಾಗಾದ್ರೆ ಇತರೆ."

"ಇತರೆ ಒತ್ತಿದ್ರೆ ವಿವರಿಸಿ ಅಂತಿದೆ. ಅಡುಗೆಮನೆ ಅಂತ ಬರೀಲಾ?"

"ಬರಿ. ಲೇಖನವೂ ಅಡುಗೆಮನೆಯದ್ದೇ ಅಲ್ವಾ."

ತಂಗಿ ನಕ್ಕು, 'ಸ್ವತಂತ್ರ' ಎಂದು ಹಾಕಿ ಕಳಿಸಿದಳು. ಎರಡೇ ದಿನಕ್ಕೆ ಲೇಖನ ಹಿಂದೆ ಬಂತು. ಅಚ್ಚಿಗೆ ಮುಂಚೆ ಲೇಖನ ಓದಿ ತೀರ್ಪು ಕೊಡುವ ಪರಿಶೀಲಕರಿಗೆ ಲೇಖಕರಾರೆಂದು ತಿಳಿಯಕೂಡದು, ಇದು ಪತ್ರಿಕೆಯ ನಿಯಮ. ಆದರೆ ಲೇಖನದಲ್ಲಿ ಹದಿಮೂರು ಕಡೆ 'ನಾನು ಅಳೆದೆ', 'ನಾನು ಬರೆದೆ' ಎಂದಿದೆ. ತೆಗೆದುಹಾಕಿ ಮರಳಿ ಕಳಿಸಿ. ಜೊತೆಗೆ ಒಂದು ಸಾಲು: ಅಪ್ರಕಟಿತ ವೈಯಕ್ತಿಕ ಟಿಪ್ಪಣಿಗಳನ್ನು ಆಧಾರವಾಗಿ ಸ್ವೀಕರಿಸುವುದಿಲ್ಲ.

"ನೀನು ಅಳೆದದ್ದೇ ಇಲ್ಲಿರೋ ಸಾಕ್ಷಿ. ಅದನ್ನ ತೆಗೆದ್ರೆ ಏನು ಉಳಿಯುತ್ತೆ?" ತಂಗಿ ಕೇಳಿದಳು. "ಕೋರ್ಟಿನಲ್ಲಿ ಕಳ್ಳನಿಗೂ ತನ್ನ ಹೆಸರು ಹೇಳೋ ಹಕ್ಕಿದೆ ಕಣಕ್ಕ."

ಮರುದಿನ ಗೆರೆಯಕ್ಕ ಚಪ್ಪಲಿ ಮೆಟ್ಟಿ ಹೊರಟಳು. ಒಂದು ಪುಸ್ತಕದಂಗಡಿಯ ಮೇಲಿದ್ದ ಪತ್ರಿಕೆಯ ಕಚೇರಿಯನ್ನು ಹುಡುಕಿಕೊಂಡು ಹೋದಳು. ಗೋಡೆಯುದ್ದಕ್ಕೂ ಕಟ್ಟುಕಟ್ಟಾಗಿ ಹಳೆಯ ಸಂಚಿಕೆಗಳು. ಕಿಟಕಿಯ ಪಕ್ಕದ ಮೇಜಿನಲ್ಲಿ, ಕನ್ನಡಕವನ್ನು ದಾರದಲ್ಲಿ ಕುತ್ತಿಗೆಗೆ ನೇತುಹಾಕಿಕೊಂಡ ಗುಮಾಸ್ತ. ಅವಳು ಯಾರೆಂದು ಕೇಳಿ ಅವನು ಕುರ್ಚಿಯ ಮೇಲಿದ್ದ ಕಾಗದದ ಕಟ್ಟನ್ನು ತಾನೇ ಎತ್ತಿ ಕೆಳಗಿಟ್ಟ.

"ಕೂತ್ಕೊಳ್ಳಿ ಅಮ್ಮ. ನಾನು ಬಂದಾಗಿನಿಂದ ಒಬ್ಬ ಚಿತ್ರಕಾರರೂ ಈ ಮೆಟ್ಟಿಲು ಹತ್ತಿರಲಿಲ್ಲ. ಲೇಖಕರು ಹತ್ತುತ್ತಾರೆ, ಜಗಳ ಆಡ್ತಾರೆ, ಇಳೀತಾರೆ."

"ನಂಗೆ ಜಗಳ ಬೇಡಪ್ಪ. ಆ ಹಾಳೆಯನ್ನ ಯಾಕೆ ಕುಗ್ಗಿಸಿದ್ರು ಅಂತ ತಿಳೀಬೇಕು."

ಗುಮಾಸ್ತ ಒಳಗೆ ಹೋಗಿ ಅರ್ಧ ಗಂಟೆ ಬಿಟ್ಟು ಧೂಳು ಹಿಡಿದ ಕಡತದೊಂದಿಗೆ ಬಂದ. ಅದರೊಳಗೆ ಆಗಿನ ಪುಟವಿನ್ಯಾಸದವರು ಮುದ್ರಣಾಲಯಕ್ಕೆ ಬರೆದ ಚೀಟಿಯಿತ್ತು. ಅವನು ಕನ್ನಡಕ ಏರಿಸಿ ಓದಿದ: "ಫಲಕ ನಾಲ್ಕು. ಮಡಿಕೆ ಹಾಳೆ. ಬರೀ ಮಡಿಕೆ ಚಿತ್ರಗಳೇ ಇವೆ, ಒಂದು ಪುಟಕ್ಕೆ ಇಳಿಸಿ."

ಗೆರೆಯಕ್ಕ ಚೀಟಿಯತ್ತ ಬಗ್ಗಿದಳು. ಹಾಳೆಯ ಮೂಲೆಯಲ್ಲಿ ಅವಳು ಪೆನ್ಸಿಲಿನಿಂದ ಬರೆದ ಎರಡು ಪದ ಅವೇ. ಮಡಿಕೆ ಹಾಳೆ.

"ನಾನು ಬರೆದಿದ್ದು ಮಡಚೋ ಹಾಳೆ ಅಂತ. ಮಡಿಕೆ ಹಾಕಿ ಅಂಟಿಸಿ ಅಂತ."

"ಅವರು ಮಡಿಕೆ ಕುಡಿಕೆ ಇರೋ ಹಾಳೆ ಅಂದ್ಕೊಂಡಿದಾರೆ." ಗುಮಾಸ್ತನ ತುಟಿಯಂಚಿಗೆ ಬಂದ ನಗು ಅವಳ ಮುಖ ನೋಡಿ ಅಲ್ಲೇ ನಿಂತಿತು. "ಗಡಿಗೆ ಚಿತ್ರದ ಮೇಲೆ ಮಡಿಕೆ ಅಂತ ಬರೆದ್ರೆ ಇನ್ನೇನು ಅಂದ್ಕೋತಾರೆ ಅಮ್ಮ? ನಾನಾಗಿದ್ರೂ ಅದನ್ನೇ ಅಂದ್ಕೋತಿದ್ದೆ."

ಯಾರನ್ನು ಬಯ್ಯುವುದು? ಬರೆದವಳು ತನ್ನ ಕಸುಬಿನ ಮಾತು ಬರೆದಳು, ಓದಿದವರು ಮನೆಯ ಮಾತು ಓದಿದರು. ಅಲ್ಲಿಯವರೆಗೆ ನಡೆದದ್ದು ತಪ್ಪು ಮಾತ್ರ. ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಬಹುದು. ತಪ್ಪೆಂದು ತೋರಿಸಿಕೊಟ್ಟ ಮೇಲೂ ಅದನ್ನು ಕಾಪಾಡುವವರನ್ನು ಏನೆಂದು ಕರೆಯಬೇಕು?

"ಈ ಚೀಟಿಯ ನಕಲು ಸಿಗುತ್ತಾ?"

"ಕಚೇರಿ ಕಾಗದ ಹೊರಗೆ ಕೊಡೋ ಹಾಗಿಲ್ಲ. ಓದಿ ಹೇಳಿದ್ದೇ ಹೆಚ್ಚು. ಅದೂ ಅಲ್ದೆ ಎಷ್ಟು ಇಳಿಸಿದ್ರು ಅಂತ ಇದ್ರಲ್ಲಿ ಬರೆದಿಲ್ಲ."

"ನೀವು ಹೇಳಿದ್ದು ಅಂತ ಅಡಿಟಿಪ್ಪಣಿ ಹಾಕ್ಬಹುದಾ?"

"ಹಾಕಿ. ಆಮೇಲೆ ನನ್ನ ಹೊಟ್ಟೆಪಾಡಿಗೂ ಒಂದು ಅಡಿಟಿಪ್ಪಣಿ ಹಾಕಿ." ಅವನು ಕಡತಕ್ಕೆ ದಾರ ಕಟ್ಟುತ್ತ ದನಿ ತಗ್ಗಿಸಿದ. "ಇನ್ನೊಂದು ದಾರಿ ಇದೆ. ಮೂಲ ಲೇಖಕರೇ ತಿದ್ದುಪಡಿ ಅಂತ ಬರೆದು ಸಹಿ ಹಾಕಿಕೊಟ್ರೆ ಪರಿಶೀಲನೆ ಗಿರಿಶೀಲನೆ ಏನೂ ಬೇಡ. ಮುಂದಿನ ಸಂಚಿಕೆಯಲ್ಲಿ ಒಂದು ಸಾಲು ಬಂದುಬಿಡುತ್ತೆ. ದೊಡ್ಡ ಸರ್ ಇದ್ದಾರಲ್ಲ?"

ದೊಡ್ಡ ಸರ್ ಇದ್ದರು. ಬಸ್ಸು ಹಿಡಿದು ಎರಡು ಗಂಟೆಯ ದಾರಿ. ತಂಗಿ ಟೈಪು ಮಾಡಿಕೊಟ್ಟ ಒಂದೇ ಸಾಲಿನ ಕಾಗದವನ್ನು ಕೈಚೀಲದಲ್ಲಿಟ್ಟುಕೊಂಡು ಹೋದಳು: 'ಚಿತ್ರಫಲಕ ನಾಲ್ಕರ ಕೆಳಗೆ ಅರ್ಧ ಗಾತ್ರ ಎಂದಿರುವುದನ್ನು ಆರರಲ್ಲೊಂದು ಗಾತ್ರ ಎಂದು ಓದಿಕೊಳ್ಳಬೇಕು.' ಅರ್ಧವನ್ನು ಮೂರನೇ ಒಂದಕ್ಕೆ ಇಳಿಸಿದರೆ ಆರರಲ್ಲೊಂದು. ಶಾಲೆಯ ಮಕ್ಕಳಿಗೂ ಬರುವ ಲೆಕ್ಕ.

ಅವರ ಓದುವ ಕೋಣೆ ಅಚ್ಚುಕಟ್ಟಾಗಿತ್ತು. ಮೇಜಿನ ಮೇಲೆ ಪ್ರಾಧ್ಯಾಪಕರ ಲೇಖನ, ಅದರಲ್ಲಿ ಬಣ್ಣಬಣ್ಣದ ಚೀಟಿಗಳು.

"ಬಾಮ್ಮ ಗೆರೆಯಕ್ಕ. ಕೈ ಇನ್ನೂ ನಡುಗೋಕೆ ಶುರುವಾಗಿಲ್ಲ ತಾನೆ?"

"ಇಲ್ಲ ಸರ್."

"ನನಗೆ ಶುರುವಾಗಿದೆ. ಸಹಿ ಹಾಕಿದ್ರೆ ಬ್ಯಾಂಕಿನವರು ಇದು ನಿಮ್ಮದಲ್ಲ ಅಂತಾರೆ."

ಅವಳು ಕಾಗದ ಬಿಡಿಸಿ ಮೇಜಿನ ಮೇಲಿಟ್ಟಳು. ಅವರು ಓದಿದರು. ಅವರ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ.

"ಸರ್, ನಿಮಗೆ ಮೊದಲೇ ಗೊತ್ತಿತ್ತಾ?"

"ಸಂಚಿಕೆ ಬಂದ ದಿನವೇ ನೋಡಿದೆ. ದೊಡ್ಡ ಹಾಳೆ ಇಲ್ಲ, ಎಲ್ಲ ಒಂದು ಪುಟದಲ್ಲಿ. ಕೇಳಿದ್ರೆ ಪತ್ರಿಕೆಯವರು ಮುನಿಸಿಕೊಳ್ತಾರೆ ಅಂತ ಸುಮ್ಮನಾದೆ. ಯಾರು ಓದ್ತಾರೆ ಅಂದ್ಕೊಂಡೆ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಯಾರೂ ಓದಲೂ ಇಲ್ಲ."

"ಈಗ ಓದ್ತಿದಾರೆ ಸರ್."

"ಹದಿನೇಳು ಕಡೆ ಉಲ್ಲೇಖ ಆಗಿದೆ. ಎಣಿಸಿದೀನಿ."

"ಎಲ್ಲ ತಪ್ಪಾಗಿ."

"ಸರಿಯಾಗಿದ್ದ ಲೇಖನ ಇಪ್ಪತ್ತಾರು ಬರೆದೆ. ಒಂದನ್ನಾದ್ರೂ ಯಾರಾದ್ರೂ ಎತ್ತಿ ಮಾತಾಡಿದ್ರಾ? ಹೇಳು ನೋಡೋಣ." ಅವರ ದನಿಯಲ್ಲಿ ಕೋಪವಿರಲಿಲ್ಲ, ಅಂಗಲಾಚುವಿಕೆಯಿತ್ತು. "ನನ್ನ ಗೌರವಕ್ಕೆ ಅಂತ ವಿಶೇಷ ಸಂಚಿಕೆ ತರ್ತಿದಾರೆ. ಅದು ಬರೋವರೆಗೆ ಸುಮ್ಮನಿರಮ್ಮ. ಆಮೇಲೆ ನೀನು ಹೇಳಿದ ಕಡೆ ಸಹಿ ಹಾಕ್ತೀನಿ."

"ಅದು ಯಾವಾಗ ಬರುತ್ತೆ ಸರ್?"

"ಗ್ಯಾಲರಿ ತೆರೆಯೋ ದಿನ."

ಮೂವತ್ತೊಂದು ವರ್ಷ ಅವರು ಹೇಳಿದ ಗೆರೆಯನ್ನಷ್ಟೇ ಎಳೆದ ಕೈ ಅದು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು ಎದ್ದಳು. ಬಾಗಿಲವರೆಗೆ ಬಂದು ಬೀಳ್ಕೊಟ್ಟ ದೊಡ್ಡ ಸರ್, ಚಿತ್ರ ತುಂಬಾ ಚೆನ್ನಾಗಿ ಬಂದಿತ್ತು ಎಂದರು. ಇಪ್ಪತ್ತು ವರ್ಷ ತಡವಾಗಿ ಬಂದ ಆ ಹೊಗಳಿಕೆಯನ್ನು ಏನು ಮಾಡಬೇಕೆಂದು ಅವಳಿಗೆ ತೋಚಲಿಲ್ಲ.

ಉಳಿದದ್ದು ಪರಿಶೀಲನೆಯ ದಾರಿ. ಅಕ್ಕತಂಗಿಯರು ಮತ್ತೆ ಊಟದ ಮೇಜಿಗೆ ಕೂತರು. 'ನಾನು ಅಳೆದೆ' ಎಂಬುದು 'ಅಳೆಯಲಾಗಿತ್ತೆಂದು ತಿಳಿದುಬರುತ್ತದೆ' ಎಂದಾಯಿತು.

"ಯಾರಿಗೆ ತಿಳಿದುಬಂತು?" ತಂಗಿ ಕೇಳಿದಳು.

"ನನಗೆ."

"ನೀನು ಯಾರು?"

"ಅದನ್ನ ಹೇಳೋ ಹಾಗಿಲ್ಲ."

"ಹಾಗಾದ್ರೆ ಹನ್ನೊಂದು ಮಡಕೆ ತಮ್ಮನ್ನ ತಾವೇ ಅಳೆದುಕೊಂಡವು ಅಂತ ಬರಿ. ಅದೇ ಹೆಚ್ಚು ನಂಬೋ ಹಾಗಿರುತ್ತೆ."

ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಗೆರೆಯಕ್ಕ ಹದಿಮೂರು ಕಡೆಯೂ ತನ್ನನ್ನು ತಾನು ಅಳಿಸಿಹಾಕಿದಳು. ಟಿಪ್ಪಣಿ ಪುಸ್ತಕದ ಪ್ರಸ್ತಾಪವೂ ಹೋಯಿತು. ಬೆರಳನ್ನು ಗುಳಿಯಲ್ಲಿಟ್ಟು ನೋಡಿದ್ದರ ಬಗ್ಗೆ ಬರೆದಿದ್ದ ಒಂದೇ ಒಂದು ಸಾಲನ್ನು ಹೊಡೆಯುವಾಗ ಮಾತ್ರ ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಕೂತಳು. ಉಳಿದದ್ದು ಐದು ಪುಟ. ಅದರಲ್ಲಿ ತರ್ಕವಿತ್ತು, ಸಾಕ್ಷಿಯಿರಲಿಲ್ಲ.

ಏಳು ತಿಂಗಳು ಏನೂ ಬರಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡಂತೆ ಅವಳು ದಿನಕ್ಕೆ ಮೂರು ಸಲ ತಂಗಿಯ ಕಂಪ್ಯೂಟರಿನ ಮುಂದೆ ನಿಂತಳು. ಪತ್ರಿಕೆಯ ಜಾಲತಾಣ 'ಪರಿಶೀಲನೆಯಲ್ಲಿದೆ' ಎಂಬ ಒಂದೇ ಮಾತನ್ನು ಹೇಳುತ್ತಿತ್ತು. ಎಂಟನೆಯ ತಿಂಗಳು ಇಬ್ಬರು ಪರಿಶೀಲಕರ ಅಭಿಪ್ರಾಯ ಒಟ್ಟಿಗೆ ಬಂತು.

ಮೊದಲನೆಯವರದು ಎರಡೇ ಸಾಲು. ವಾದ ಕುತೂಹಲಕರವಾಗಿದೆ, ಆದರೆ ಅಳೆದು ನೋಡಲು ವಸ್ತುವೇ ಇಲ್ಲದಿರುವಾಗ ತೀರ್ಮಾನಿಸುವುದು ಹೇಗೆ?

ಎರಡನೆಯವರದನ್ನು ತಂಗಿ ಗಟ್ಟಿಯಾಗಿ ಓದಿದಳು. "'ಈ ಲೇಖನದ ಅನಾಮಿಕ ಕರ್ತೃವಿಗೆ ಅಂದಿನ ಚಿತ್ರಕಾರರ ಪರಿಚಯ ಇದ್ದಂತಿಲ್ಲ. ಕೂದಲೆಳೆಯಷ್ಟು ದೋಷವನ್ನೂ ಸಹಿಸದ, ಈ ಕ್ಷೇತ್ರದಲ್ಲಿ ಮನೆಮಾತಾದ ಕೈ ಅದು. ಆ ಚಿತ್ರಕಾರರು ಅರ್ಧ ಗಾತ್ರ ಎಂದಿದ್ದರೆ ಅದು ಅರ್ಧ ಗಾತ್ರವೇ. ಅಂಥವರ ಮೇಲೆ ಇಷ್ಟು ದೊಡ್ಡ ತಪ್ಪನ್ನು ಹೊರಿಸುವುದು ಅನುಚಿತ, ಅವರಿಗೆ ಮಾಡುವ ಅಪಚಾರ. ಹಸುಳೆಗಳ ಕೊನೆಯ ಸಹಿಯನ್ನು ಅಳಿಸಲು ಇದಕ್ಕಿಂತ ಗಟ್ಟಿ ಆಧಾರ ಬೇಕು. ತಿರಸ್ಕರಿಸಬೇಕು.'"

ತಂಗಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಕೊನೆಯ ಸಹಿ ಅಂತೆ. ಇದು ಯಾರು ಬರೆದದ್ದು ಅಂತ ಹೇಳೋಕೆ ಕೋರ್ಟು ಬೇಕಾಗಿಲ್ಲ."

"ಅವರು ಕೆಟ್ಟವರಲ್ಲ. ನನ್ನ ಪರವಾಗಿಯೇ ಮಾತಾಡಿದಾರೆ ನೋಡು," ಎಂದಳು ಗೆರೆಯಕ್ಕ. ಅವಳ ದನಿ ಸಪಾಟಾಗಿತ್ತು. "ಎಲ್ಲ ನನ್ನ ಪರವೇ."

ಓದುಗರೇ, ಅವಳು ದುಡಿದು ಗಳಿಸಿದ ನಂಬಿಕೆಯನ್ನೇ ಅವಳ ಬಾಯಿಗೆ ತುರುಕಿದರು. ತಪ್ಪನ್ನು ತೋರಿಸಿಕೊಡಲು ಬಂದವಳಿಗೆ, ನೀನು ತಪ್ಪು ಮಾಡುವವಳೇ ಅಲ್ಲ ಎಂದು ಬಾಗಿಲು ಮುಚ್ಚಿದರು. ಇದನ್ನು ಗೌರವವೆಂದು ಕರೆಯುವವರಿಗೆ ಗೌರವದ ಅರ್ಥ ಗೊತ್ತಿಲ್ಲ.

ಮೇಲ್ಮನವಿಗೆ ಅವಕಾಶವಿಲ್ಲವೆಂದು ಸೂಚನೆಗಳ ಇಪ್ಪತ್ತಾರನೆಯ ಪುಟದಲ್ಲಿತ್ತು.

ಗ್ಯಾಲರಿ ತೆರೆದ ಮರುದಿನ ಸಹಿಗಾಗಿ ಫೋನ್ ಮಾಡಿದರೆ, ವಿಶೇಷ ಸಂಚಿಕೆ ಕೈಗೆ ಬಂದಿದ್ದ ದೊಡ್ಡ ಸರ್, ಇನ್ನು ಬೇಡಮ್ಮ, ಆಗಿದ್ದಾಯ್ತು ಎಂದರು. ಮೂರನೆಯ ದಿನ ಗೆರೆಯಕ್ಕ ಎಲ್ಲರಂತೆ ಸಾಲಿನಲ್ಲಿ ನಿಂತು ಒಳಗೆ ಹೋದಳು. ಬಾಗಿಲ ಕಾವಲುಗಾರ ಹಳೆಯ ಪರಿಚಯದವನು. "ಎಲ್ಲ ನಿಮ್ಮ ಚಿತ್ರ ನೋಡ್ಕೊಂಡೇ ಮಾಡಿದ್ದಂತೆ ಗೆರೆಯಕ್ಕ. ಜನ ಬಂದು ಕಣ್ಣೀರು ಹಾಕ್ತಾರೆ," ಎಂದ, ಹೆಮ್ಮೆಯಿಂದ. ನಟ್ಟನಡುವಿನ ಗಾಜಿನ ಪೆಟ್ಟಿಗೆಯಲ್ಲಿ, ಕಪ್ಪು ಬಟ್ಟೆಯ ಮೇಲೆ, ಹನ್ನೊಂದು ಪುಟ್ಟ ಮಡಕೆಗಳಿದ್ದವು. ಒಂದೊಂದೂ ಅಂಗೈ ಮೇಲೆ ಕೂರುವಷ್ಟು. ಅವಳು ಎಳೆದ ಒಂದು ಬಾಗೂ ತಪ್ಪದಂತೆ ಮಾಡಿದ್ದರು. ಕಂಠದ ಗುಳಿಗಳನ್ನು ಸಣ್ಣ ಕಡ್ಡಿಯ ತುದಿಯಿಂದ ಒತ್ತಿರಬೇಕು, ಅಷ್ಟು ಸಣ್ಣವು. ಅಡಿಯಲ್ಲಿ ಮಸಿ ಇರಲಿಲ್ಲ. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಯಾವ ಮಗುವನ್ನು ನೆನೆದಳೋ ಏನೋ. ಅವಳಿಗೆ ಏನೆಂದು ಹೇಳುವುದು? ಅದು ಸೊಪ್ಪು ಸಾರು ಬೇಯಿಸಿದ ಮಡಕೆಯಮ್ಮ, ಅಳಬೇಡ ಎಂದೇ?

ಗೋಡೆಯ ಫಲಕದ ಕೊನೆಯ ಸಾಲಿನಲ್ಲಿ 'ಚಿತ್ರಗಳು' ಎಂದು ಬರೆದು, ಮುಂದೆ ಗೆರೆಯಕ್ಕನ ಪೂರ್ತಿ ಹೆಸರನ್ನು ಅಚ್ಚುಮಾಡಿದ್ದರು. ಮೂವತ್ತೊಂದು ವರ್ಷ ಎಲ್ಲಿಯೂ ಬರದ ಹೆಸರು, ಬಂದದ್ದು ಅಲ್ಲಿ.

ಹೊರಗೆ ಬಂದವಳು ಮನೆಗೆ ಹೋಗಲಿಲ್ಲ. ಗ್ರಂಥಾಲಯಕ್ಕೆ ಹೋಗಿ ಆ ಹಳೆಯ ಸಂಚಿಕೆ ತೆಗೆದುಕೊಂಡು ಮೂಲೆಯ ಮೇಜಿನಲ್ಲಿ ಕೂತಳು. ಚಿತ್ರಫಲಕ ನಾಲ್ಕು. ಕೈಚೀಲದಿಂದ ಪೆನ್ಸಿಲು ತೆಗೆದಳು. 'ಅರ್ಧ' ಎಂಬುದನ್ನು ಹೊಡೆದು ಪಕ್ಕದಲ್ಲಿ ಒಂದು ಪದ ಬರೆದರೆ ಮುಗಿಯಿತು. ಇನ್ನೂ ನಡುಗದ ಕೈಗೆ ಅದೆಷ್ಟರ ಕೆಲಸ. ತಲೆಯೆತ್ತಿದಾಗ ಎದುರು ಗೋಡೆಯ ಹಲಗೆ ಕಂಡಿತು: 'ಪುಸ್ತಕಗಳಲ್ಲಿ ಬರೆಯಕೂಡದು.' ಮೊದಲ ತರಗತಿಯಿಂದ ಪಾಲಿಸಿಕೊಂಡು ಬಂದ ನಿಯಮ. ಪೆನ್ಸಿಲಿನ ತುದಿ ಕಾಗದಕ್ಕೆ ಕೂದಲೆಳೆಯಷ್ಟು ದೂರದಲ್ಲಿ ನಿಂತಿತು. ಬಹಳ ಹೊತ್ತು ನಿಂತಿತು. ಕೊನೆಗೆ ಅವಳು ಪೆನ್ಸಿಲನ್ನು ಚೀಲಕ್ಕೆ ಹಾಕಿ, ಸಂಚಿಕೆಯನ್ನು ಒಪ್ಪಿಸಿ, ಮೆಟ್ಟಿಲಿಳಿದು ಹೋದಳು. ದಾರಿಯಲ್ಲಿ ಬಸ್ ನಿಲ್ದಾಣದ ಸಿಮೆಂಟಿನ ನೆಲದ ಮೇಲೆ ನಿಂತು ತನ್ನ ಬಸ್ಸಿಗೆ ಕಾದಳು. ಹದಿನೈದು ಮಿಲಿಮೀಟರಿನ ಬೆರಳ ಗುರುತುಗಳು ಅವಳ ಕಾಲ ಕೆಳಗೆ ಎಲ್ಲೋ ಇದ್ದವು.

ಅವಳಿಂದ ಆಗಲಿಲ್ಲ. ಆ ನಿಯಮ ಒಳ್ಳೆಯದೇ, ಅವಳು ಅದನ್ನು ಪಾಲಿಸಿದ್ದೂ ಸರಿಯೇ. ಆದರೂ ಆ ಕೆಲಸ ಮಾಡಿರೆಂದು ನಿಮ್ಮನ್ನು ಕೇಳಬೇಕಾಗಿದೆ. ನಿಮ್ಮ ಊರಿನ ಗ್ರಂಥಾಲಯದಲ್ಲಿ ಆ ಸಂಚಿಕೆ ಕಂಡರೆ ತೆಗೆಯಿರಿ. ಚಿತ್ರಫಲಕ ನಾಲ್ಕರ ಮೂರನೆಯ ಮಡಕೆಯ ಮೇಲೆ ಅಳತೆಪಟ್ಟಿ ಇಡಿ. ಬಾಯಿ ನಾಲ್ಕು ಸೆಂಟಿಮೀಟರ್ ಇದ್ದರೆ ಅದೇ ಪುಟ. ಕೆಳಗಿನ 'ಅರ್ಧ' ಎಂಬುದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ 'ಆರರಲ್ಲೊಂದು' ಎಂದು ಬರೆಯಿರಿ. ಪೆನ್ಸಿಲಿನಲ್ಲಿ ಸಾಕು. ದಯವಿಟ್ಟು ಬರೆಯಿರಿ.